ಶಿಜುವೋಕಾದಲ್ಲಿ ಸಾಸಿವೆಯಷ್ಟು ಗ್ರೀಸ್

ಟೋಕಿಯೋದಿಂದ ಪಶ್ಚಿಮಕ್ಕೆ ಬುಲೆಟ್ ರೈಲಿನಲ್ಲಿ ಸುಮಾರು ಒಂದು ಗಂಟೆ ಹೋದರೆ ಶಿಜುವೋಕಾ ನಗರ. ಮೋಡವಿಲ್ಲದ ದಿನ ಬಲಗಡೆ ಕಿಟಕಿಯಲ್ಲಿ ಫ್ಯೂಜಿ ಪರ್ವತ ಕಾಣುತ್ತದೆ. ಈ ಸೀಮೆ ಚಹಾ ತೋಟಗಳಿಗೆ ಹೆಸರುವಾಸಿ. ಆದರೆ ಮಕ್ಕಳಿಗೆ ಇದು ಆಟಿಕೆಗಳ ಊರು. ಜಪಾನಿನ ಪ್ಲಾಸ್ಟಿಕ್ ಮಾಡೆಲ್‌ಗಳಲ್ಲಿ ಹೆಚ್ಚಿನವು ತಯಾರಾಗುವುದು ಇಲ್ಲೇ. 1946ರಲ್ಲಿ ಮರದ ವ್ಯಾಪಾರದಿಂದ ಶುರುವಾದ ತಮಿಯಾ ಕಂಪನಿ, 1976ರಲ್ಲಿ ಪೋರ್ಶೆ 934 ಎಂಬ ತನ್ನ ಮೊದಲ ರಿಮೋಟ್ ಕಾರನ್ನು ಹೊರತಂದಿತು. ಅದರ ಮನೆಯೂ ಇದೇ ಊರು.

ನಾವು ಹೋದಾಗ ಮಗನ ಚೀಲದಲ್ಲಿ ಹಳೆಯ ರಿಮೋಟ್ ಕಾರೊಂದರ ಗೇರ್‌ಬಾಕ್ಸ್ ಇತ್ತು. ಅವನ ಸೋದರಮಾವ ಚಿಕ್ಕವನಿದ್ದಾಗ ಆಡಿದ ಕಾರು. ತಿರುಗಿಸಿದರೆ ಕರಕರ ಸದ್ದು. “ಹೊಲಿಗೆ ಯಂತ್ರದ ಎಣ್ಣೆ ಬಿಡೋ” ಎಂದಿದ್ದರು ಅಜ್ಜಿ. “ಬೈಕಿನ ಗ್ರೀಸ್ ಹಚ್ಚು” ಎಂದಿದ್ದ ಮಾವ. ಆ ಮಾದರಿಯ ಗೇರ್ ನಮಗೆಲ್ಲೂ ಸಿಕ್ಕಿರಲಿಲ್ಲ. ಇದರ ಹಲ್ಲು ಸವೆದರೆ ಕಾರು ಮತ್ತೆ ಓಡುವಂತಿರಲಿಲ್ಲ.

ಊರಿನ ಒಂದು ಸಣ್ಣ ಅಂಗಡಿಯಲ್ಲಿ ಗ್ರೀಸಿಗೆಂದೇ ಒಂದು ಗೂಡು. ಬಿಳಿ, ಕಪ್ಪು ಕೊಳವೆಗಳು, ಎಣ್ಣೆಯ ಪುಟ್ಟ ಬಾಟಲಿಗಳು. ಮಗ ಮೂರು ಬಗೆ ಎತ್ತಿಕೊಂಡ. ಅಂಗಡಿಯ ಹಿರಿಯರು ಗೇರ್‌ಬಾಕ್ಸ್ ಬಿಚ್ಚಿ ನೋಡಿ, ಎರಡನ್ನು ತಿರುಗಿ ಗೂಡಿಗಿಟ್ಟರು. ಫೋನಿನ ಅನುವಾದದ ನೆರವಿನಿಂದ ಕಾರಣ ಹೇಳಿದರು.

ಪ್ಲಾಸ್ಟಿಕ್ ಗೇರಿಗೆ ಬಿಳಿಯ ಸೆರಾಮಿಕ್ ಗ್ರೀಸ್ ಒಳ್ಳೆಯದು. ಅದರಲ್ಲಿ ಬೋರಾನ್ ನೈಟ್ರೈಡ್ ಎಂಬ ನುಣುಪಾದ ಪುಡಿ ಬೆರೆತಿರುತ್ತದೆ. ಕಪ್ಪು ಮಾಲಿಬ್ಡಿನಮ್ ಗ್ರೀಸ್, ಲೋಹಕ್ಕೆ ಲೋಹ ಉಜ್ಜುವ ಕೀಲುಗಳಿಗೆ. ತೆಳುವಾದ ಎಣ್ಣೆ ಗೇರ್ ತಿರುಗುವ ರಭಸಕ್ಕೆ ಸಿಡಿದುಹೋಗುತ್ತದೆ. ಪೆಟ್ರೋಲಿಯಂನಿಂದಾದ ಕೆಲವು ಗ್ರೀಸುಗಳು ಕೆಲವು ಬಗೆಯ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತವೆ.

ಬಾಟಲಿಯಲ್ಲಿದ್ದ ಸಿಲಿಕೋನ್ ಎಣ್ಣೆ ಮುಚ್ಚಿದ ಡಿಫರೆನ್ಷಿಯಲ್‌ಗೆ. ಕಾರು ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು. ಎರಡೂ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದೇ ಡಿಫರೆನ್ಷಿಯಲ್. ಒಳಗಿನ ಎಣ್ಣೆ ತೆಳುವಾಗಿದ್ದರೆ ಕಾರು ಸಲೀಸಾಗಿ ತಿರುಗುತ್ತದೆ. ಆದರೆ ಒಂದು ಚಕ್ರ ನೆಲ ಬಿಟ್ಟರೆ ಶಕ್ತಿಯೆಲ್ಲ ಅಲ್ಲೇ ವ್ಯರ್ಥ. ಜೇನಿನಂತೆ ಮಂದವಾಗಿದ್ದರೆ ನೆಲದ ಮೇಲಿನ ಚಕ್ರಕ್ಕೂ ಶಕ್ತಿ ಸಿಗುತ್ತದೆ. ಎಣ್ಣೆಯ ಮಂದತೆಯನ್ನು ಬಾಟಲಿಯ ಮೇಲೆ 1,000, 5,000, 10,000 ಎಂದು ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಎಣ್ಣೆ ಮಂದ. ನಮ್ಮ ಹಳೆಯ ಕಾರಿನ ಡಿಫರೆನ್ಷಿಯಲ್ ಎಣ್ಣೆ ತುಂಬುವಂಥದ್ದಲ್ಲ, ಅದಕ್ಕೂ ಬಿಳಿ ಗ್ರೀಸೇ ಸಾಕಂತೆ.

“ಈ ಹೊರಗಿನ ಗೇರಿಗೆ ಯಾವುದು?” ಮಗ ಕೇಳಿದ. ಹಿರಿಯರು ತಲೆಯಾಡಿಸಿದರು: ಯಾವುದೂ ಬೇಡ. ತೆರೆದಿರುವ ಗೇರಿಗೆ ಗ್ರೀಸ್ ಹಚ್ಚಿದರೆ ಮರಳು ಅಂಟುತ್ತದೆ. ಮರಳು ಬೆರೆತ ಗ್ರೀಸ್ ಉಪ್ಪುಕಾಗದದಂತೆ ಹಲ್ಲುಗಳನ್ನು ತಿಕ್ಕಿ ತಿನ್ನುತ್ತದೆ. ಬ್ರಷ್‌ನಿಂದ ಧೂಳು ಕೊಡವಿದರೆ ಸಾಕು.

ಅಲ್ಲೇ ಹಳೆಯ ಕೊಳೆ ಒರೆಸಿಸಿ, ಮಗನ ಕೈಯಿಂದಲೇ ಹೊಸ ಗ್ರೀಸ್ ಹಚ್ಚಿಸಿದರು. ಅವನು ಹೆಸರುಕಾಳಿನಷ್ಟು ತೆಗೆದ. ಅವರು ಅರ್ಧ ತೆಗೆದು, ಸಾಸಿವೆಯಷ್ಟು ಉಳಿಸಿದರು. ಗೇರ್‌ಬಾಕ್ಸ್ ಮುಚ್ಚಿ ಮಗ ಬೆರಳಿನಿಂದ ತಿರುಗಿಸಿದ. ಸದ್ದಿಲ್ಲ. ಕಿವಿಯ ಹತ್ತಿರ ಹಿಡಿದು ಇನ್ನೊಮ್ಮೆ ತಿರುಗಿಸಿ, ನನ್ನ ಕಿವಿಗೂ ಹಿಡಿದ.