ಏಳುನೂರ ಇಪ್ಪತ್ತೊಂಬತ್ತು ಪದರ

ಮಾವಿನ ಕಾಲ ಬಂತೆಂದರೆ ಮೈಸೂರಿನ ಮನೆಗಳಿಗೆ ಒಂದು ಸಿಹಿಯಾದ ತೊಂದರೆ ಎದುರಾಗುವುದುಂಟು. ಹಣ್ಣು ತರುವವರು ಹೆಚ್ಚು, ತಿನ್ನುವವರು ಕಡಿಮೆ. ಸಂಜೆ ನಂಜುಮಳಿಗೆಯ ಕಡೆ ಹೋದವರು ಬರಿಗೈಯಲ್ಲಿ ಮರಳುವುದಿಲ್ಲ. ದೇವರಾಜ ಮಾರುಕಟ್ಟೆಗೆ ಹೋದವರಂತೂ ಚೀಲ ತುಂಬಿಸಿಕೊಂಡೇ ಬರುತ್ತಾರೆ. ಮೊದಲ ವಾರ ರಸಪುರಿಯ ಸೀಕರಣೆ, ಎರಡನೆಯ ವಾರ ಬಾದಾಮಿ ಹಣ್ಣಿನ ಹೋಳು. ಮೂರನೆಯ ವಾರದ ಹೊತ್ತಿಗೆ ಮಕ್ಕಳು ಹಣ್ಣಿನ ಬುಟ್ಟಿಯ ಕಡೆ ತಿರುಗಿಯೂ ನೋಡುವುದಿಲ್ಲ. ಆಗ ಗೃಹಿಣಿಯರು ಹೊಸ ತಿಂಡಿಯೊಂದನ್ನು ಹುಡುಕತೊಡಗುತ್ತಾರೆ. ಗೃಹಿಣಿಯರೇ ಏಕೆ, ಬೇಸಿಗೆ ರಜೆಯಲ್ಲಿ ಮನೆಯಲ್ಲೇ ಇರುವ ನನ್ನಂಥ ವಿಜ್ಞಾನದ ಮೇಷ್ಟ್ರೂ ಹುಡುಕಬಹುದು. ಪ್ರಯೋಗಶಾಲೆಗೆ ಬೀಗ ಬಿದ್ದಿರುವಾಗ ನಮಗೆ ಉಳಿಯುವುದು ಅಡುಗೆಮನೆಯೊಂದೇ.

ಕಳೆದ ಬೇಸಿಗೆಯಲ್ಲಿ ಹಾಗೆ ಒದಗಿಬಂದದ್ದು ಕಾಬ್ಲರ್. ಅಮೆರಿಕದಲ್ಲಿ ಸಂಸಾರ ಹೂಡಿರುವ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನಿನಲ್ಲಿ ಹೇಳಿಕೊಟ್ಟಳು. ಅಲ್ಲಿ ಪೀಚ್ ಹಣ್ಣಿನ ಕಾಲದಲ್ಲಿ ಮನೆಮನೆಯಲ್ಲೂ ಮಾಡುವ ತಿಂಡಿಯಂತೆ. ಹಣ್ಣಿನ ಹೋಳುಗಳಿಗೆ ಸಕ್ಕರೆ ಬೆರೆಸಿ ಅಗಲ ಪಾತ್ರೆಯಲ್ಲಿ ಹರಡಬೇಕು. ಮೇಲೆ ಹಿಟ್ಟಿನ ತುಂಡುಗಳನ್ನು ಹೊದಿಸಿ ಒಲೆಯಲ್ಲಿ ಬೇಯಿಸಬೇಕು. ಅಷ್ಟೇ. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ವಲಸೆಗಾರರು ಕಬ್ಬಿಣದ ಪಾತ್ರೆಗೆ ಮುಚ್ಚಳ ಹಾಕಿ, ಮೇಲೂ ಕೆಳಗೂ ಕೆಂಡವಿಟ್ಟು ಇದನ್ನು ಬೇಯಿಸಿಕೊಳ್ಳುತ್ತಿದ್ದರು. ಅಚ್ಚುಕಟ್ಟಿನ ತಿಂಡಿಯಲ್ಲ, ಇದ್ದದ್ದರಲ್ಲಿ ಹೊಂದಿಸಿಕೊಂಡ ತಿಂಡಿ.

ಹೆಸರು ಕೇಳಿದ ನನ್ನಾಕೆ, “ಅದೇನ್ರೀ, ಚಪ್ಪಲಿ ಹೊಲಿಯೋರಿಗಲ್ವೇ ಹಾಗನ್ನೋದು?” ಎಂದಳು. ಹೌದು, ಇಂಗ್ಲಿಷಿನಲ್ಲಿ ಅವರಿಗೂ ಅದೇ ಹೆಸರು. ಕೈಕೆಲಸದವರ ಹೆಸರು ಹೊತ್ತರೆ ತಿಂಡಿಯ ರುಚಿಯೇನೂ ಕೆಡುವುದಿಲ್ಲವಲ್ಲ!

“ಹಿಟ್ಟು ಕಲಸುವ ಗೋಜೇ ಇಲ್ಲ ಸಾರ್, ಅಂಗಡಿಯಿಂದ ತಂದು ಹಾಸಿದರಾಯಿತು” ಎಂದು ಆ ಹುಡುಗಿ ಧೈರ್ಯ ಹೇಳಿದ್ದಳು. ಅಲ್ಲಿ ಪದರ ಪದರವಾದ ಹಿಟ್ಟಿನ ಹಾಳೆಗಳು ಹಿಮಗಟ್ಟಿದ ಪೊಟ್ಟಣದಲ್ಲಿ ಸಿಗುತ್ತವೆ. ಈಗ ನಮ್ಮೂರಿನ ದೊಡ್ಡ ಅಂಗಡಿಗಳಲ್ಲೂ ದೊರೆಯುತ್ತವೆ. ಆದರೆ ಕೃಷ್ಣಮೂರ್ತಿಪುರಂನಲ್ಲಿ ಇರುವವನು ಪೊಟ್ಟಣ ಹುಡುಕಿಕೊಂಡು ಹೋಗುವುದೇಕೆ? ಮಧ್ಯಾಹ್ನ ಮೂರು ಗಂಟೆಗೆ ಬೀದಿಯ ತುದಿಯಲ್ಲಿ ನಿಂತರೆ ಗಾಳಿಯೇ ಬೇಕರಿಯ ದಾರಿ ತೋರಿಸುತ್ತದೆ.

ಅಯ್ಯಂಗಾರ್ ಬೇಕರಿಗಳ ಕಥೆ ನಿಮಗೆ ಗೊತ್ತಿರಬಹುದು. 1898ರಲ್ಲಿ ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ ಅವರು ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು. ಅನಂತರ ಹಾಸನದ ಸುತ್ತಮುತ್ತಲ ಊರುಗಳಿಂದ ಬಂದ ಎಷ್ಟೋ ಕುಟುಂಬಗಳು ಇದೇ ಕಸುಬು ಹಿಡಿದವು. ಮೊಟ್ಟೆ ಮುಟ್ಟದೆ ಬ್ರೆಡ್ಡು, ಖಾರ ಬನ್ನು, ದಿಲ್‌ಪಸಂದ್, ಪಫ್ ಮಾಡುವುದನ್ನು ರೂಢಿಗೆ ತಂದರು. ಮಡಿಯ ಅಜ್ಜಿಯರು ಕೂಡ ಸಂಜೆಯ ಕಾಫಿಗೆ ರಸ್ಕು ಅದ್ದುವಂತಾದದ್ದು ಹೀಗೆ.

ಪಫ್‌ನ ಹಿಟ್ಟು ಪರದೇಶದ್ದೇ ಆದರೂ ಅದರ ಸೋದರಿಯೊಬ್ಬಳು ನಮ್ಮಲ್ಲೇ ಇದ್ದಾಳೆ: ಚಿರೋಟಿ. ಮದುವೆಮನೆಯಲ್ಲಿ ಬಾದಾಮಿ ಹಾಲು ಸುರಿದುಕೊಂಡು ತಿನ್ನುವ ಅದೇ ಚಿರೋಟಿ. ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪ ಮತ್ತು ಅಕ್ಕಿಹಿಟ್ಟಿನ ಸಾಟಿ ಸವರಿ, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುತ್ತಾರೆ. ತುಪ್ಪ ಇರುವಲ್ಲಿ ಹಿಟ್ಟು ಹಿಟ್ಟಿಗೆ ಅಂಟುವುದಿಲ್ಲ; ಹಿಟ್ಟಿನೊಳಗಿನ ನೀರು ಆವಿಯಾಗಿ ಪದರಗಳನ್ನು ಬಿಡಿಸುತ್ತದೆ. ಪಫ್ ಹಿಟ್ಟಿನ ತತ್ತ್ವವೂ ಇದೇ. ಕರಿಯುವ ಬದಲು ಒಲೆಯಲ್ಲಿ ಬೇಯಿಸುತ್ತಾರೆ, ಅಷ್ಟೇ ವ್ಯತ್ಯಾಸ.

ನಮ್ಮ ಬಡಾವಣೆಯ ಬೇಕರಿಯೊಂದಕ್ಕೆ ಹೋಗಿ, “ಬೇಯಿಸದ ಪಫ್ ಹಾಳೆ ಎರಡು ಕೊಡ್ತೀರಾ?” ಎಂದು ಕೇಳಿದೆ. ಗಲ್ಲಾದಲ್ಲಿದ್ದವರಿಗೆ ಆಶ್ಚರ್ಯವಾಯಿತು. “ಹಸೀದೇ? ಒಳಗೆ ಕೇಳಿ ಸಾರ್” ಎಂದರು. ಒಳಗಿನ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಚಾಪೆಯಂತೆ ಹರಡಿದ ಹಿಟ್ಟು. ಐವತ್ತರ ಆಸುಪಾಸಿನ ಒಬ್ಬರು ಲಟ್ಟಣಿಗೆ ಹಿಡಿದು ನಿಂತಿದ್ದರು. ಮೊಣಕೈವರೆಗೂ ಹಳೆಯ ಸುಟ್ಟ ಕಲೆಗಳು. ಅವರ ಪಕ್ಕದಲ್ಲಿದ್ದ ಹುಡುಗ ನನ್ನನ್ನು ಕಂಡದ್ದೇ ತಡ, ಬ್ರೆಡ್ಡಿನ ತಟ್ಟೆಗಳನ್ನು ಜೋಡಿಸಿಟ್ಟ ಸ್ಟ್ಯಾಂಡಿನ ಹಿಂದೆ ಮರೆಯಾದ. ಆದರೆ ತರಗತಿಯಲ್ಲಿ ವರ್ಷವಿಡೀ ನೋಡಿದ ಮುಖ ಅಷ್ಟು ಬೇಗ ಮರೆಯಾಗುತ್ತದೆಯೇ? ಆಗಷ್ಟೇ ಒಂಬತ್ತನೆಯ ತರಗತಿ ಮುಗಿಸಿದ್ದ ನನ್ನದೇ ವಿದ್ಯಾರ್ಥಿ. ಶಾಲೆಯ ದಾಖಲೆಯಲ್ಲಿ ಅವನ ತಂದೆಯ ಕೆಲಸದ ಎದುರು ‘ಖಾಸಗಿ ಉದ್ಯೋಗ’ ಎಂದಿತ್ತು. ಆ ಎರಡು ಪದಗಳ ಹಿಂದೆ ಎಷ್ಟು ಬಗೆಯ ಕೆಲಸಗಳು ಅಡಗಿ ಕುಳಿತಿರುತ್ತವೆಂದು ಮೇಷ್ಟ್ರುಗಳಿಗೆ ಗೊತ್ತು.

ತಂದೆಗೆ ನಾನು ಯಾರೆಂದು ತಿಳಿಯಿತು. ಕೈ ಒರೆಸಿಕೊಳ್ಳುತ್ತಾ ಗಾಬರಿಯಿಂದ, “ಅವನನ್ನ ಕೆಲಸಕ್ಕೆ ಹಾಕಿಲ್ಲ ಸಾರ್. ಊಟದ ಕ್ಯಾರಿಯರ್ ತಂದಿದ್ದ, ರಜ ಅಲ್ವಾ, ಹಾಗೇ ನಿಂತ್ಕೊಂಡ. ನಮ್ಮ ಕಷ್ಟ ನಮಗೇ ಸಾಕು ಸಾರ್, ಅವನು ಓದಲಿ” ಎಂದರು.

ವಿಷಯ ಬದಲಿಸೋಣವೆಂದು ಹಿಟ್ಟಿನ ಬಗ್ಗೆ ಕೇಳಿದೆ. ಅವರ ಮುಖದ ಬಿಗುವು ಸಡಿಲವಾಯಿತು. “ಮೈದಾ ಕಲಸಿ ಮೊದಲು ಸುಮ್ಮನೆ ಬಿಡಬೇಕು ಸಾರ್. ಆಮೇಲೆ ಮಾರ್ಜರಿನ್ ಇಟ್ಟು ಮಡಚೋದು. ಅದು ಗಟ್ಟಿ ಇದ್ರೆ ಹಿಟ್ಟನ್ನ ಹರಿಯುತ್ತೆ, ಮೆತ್ತಗಾದ್ರೆ ಹೊರಗೆ ಬರುತ್ತೆ. ಎರಡೂ ಒಂದೇ ಹದಕ್ಕೆ ಇರ್ಬೇಕು. ಎರಡು ಸಲ ಮಡಚಿದ ಮೇಲೆ ಅರ್ಧ ಗಂಟೆ ಬಿಡ್ಬೇಕು, ಇಲ್ದಿದ್ರೆ ಲಟ್ಟಿಸಿದಷ್ಟೂ ಹಿಂದಕ್ಕೆ ಎಳ್ಕೊಳ್ಳುತ್ತೆ.”

ಗೋಧಿಯ ಪ್ರೋಟೀನುಗಳು ನೀರು ಕುಡಿದು ಗ್ಲೂಟೆನ್ ಎಂಬ ರಬ್ಬರಿನಂಥ ಜಾಲವಾಗುವುದನ್ನೂ, ಲಟ್ಟಿಸಿದಾಗ ಬಿಗಿಯುವ ಆ ಜಾಲ ವಿರಾಮ ಕೊಟ್ಟರೆ ಸಡಿಲವಾಗುವುದನ್ನೂ ನಾವು ಪುಸ್ತಕದಲ್ಲಿ ಓದಿ ಹೇಳುತ್ತೇವೆ. ಅವರು ಅದನ್ನು ಅಂಗೈಯಿಂದ ಓದಿಕೊಂಡಿದ್ದರು.

“ಒಟ್ಟು ಎಷ್ಟು ಸಲ ಮಡಚ್ತೀರಿ?”

“ಒಂದೊಂದು ಸಲಕ್ಕೂ ಮೂರು ಮಡಿಕೆ. ಹಾಗೆ ಆರು ಸಲ.”

“ಹಾಗಾದ್ರೆ ಒಳಗೆ ಎಷ್ಟು ಪದರ ಆಯ್ತು?”

ಅವರು ನಕ್ಕರು. “ಅದನ್ನ ಯಾರು ಎಣಿಸ್ತಾರೆ ಸಾರ್?”

ಸ್ಟ್ಯಾಂಡಿನ ಹಿಂದಿನಿಂದ ಮೆಲ್ಲನೆ ಧ್ವನಿಯೊಂದು ಬಂತು. “ಏಳುನೂರ ಇಪ್ಪತ್ತೊಂಬತ್ತು ಸಾರ್. ಮೂರರ ಆರನೇ ಘಾತ.”

ತಂದೆ ತಿರುಗಿ ನೋಡಿದರು. ಇಷ್ಟು ವರ್ಷ ದಿನವೂ ತಾವೇ ಮಾಡುತ್ತಿದ್ದ ವಸ್ತುವಿನ ಲೆಕ್ಕವನ್ನು ಮೊದಲ ಬಾರಿಗೆ ಕೇಳಿದವರಂತೆ, “ಏಳ್ನೂರೇನೋ?” ಎಂದರು. ಹುಡುಗ ಹೊರಗೆ ಬಂದ. ಮೂರು, ಒಂಬತ್ತು, ಇಪ್ಪತ್ತೇಳು, ಎಂಬತ್ತೊಂದು, ಇನ್ನೂರ ನಲವತ್ತಮೂರು ಎಂದು ಮೇಜಿನ ಮೇಲಿನ ಹಿಟ್ಟಿನ ಪುಡಿಯಲ್ಲೇ ಬೆರಳಿನಿಂದ ಬರೆದು ತೋರಿಸಿದ. ಮೂರು ಮಿಲಿಮೀಟರ್ ದಪ್ಪದ ಹಾಳೆಯಲ್ಲಿ ಅಷ್ಟು ಪದರಗಳೆಂದರೆ ಒಂದೊಂದೂ ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳು. ಅದನ್ನು ನಾನು ಸೇರಿಸಿದೆ. ಹಾಳೆಗೆ ದುಡ್ಡು ತೆಗೆದುಕೊಳ್ಳಲು ಅವರು ಒಪ್ಪಲಿಲ್ಲ. ಗಲ್ಲಾದಲ್ಲಿ ಕೊಟ್ಟು ಬಂದೆ.

ಇನ್ನು ತಿಂಡಿಯ ವಿಚಾರ. ಆರು ಮಂದಿಗೆ ಸಾಕಾಗುವಷ್ಟು ಲೆಕ್ಕ ಹೇಳುತ್ತೇನೆ, ಮಕ್ಕಳು ಬರೆದುಕೊಳ್ಳಬಹುದು. ಗಟ್ಟಿಯಾಗಿರುವ ತೋತಾಪುರಿ ಹಣ್ಣಿನ ಹೋಳು ಅರ್ಧ ಕಿಲೋ. ರಸಪುರಿ ಬೇಡ, ಅದು ಕರಗಿ ಪಾಯಸವಾಗುತ್ತದೆ. ಅನಾನಸ್ ಹೋಳು ಕಾಲು ಕಿಲೋ. ಸಕ್ಕರೆ 75 ಗ್ರಾಂ, ಹಣ್ಣು ಹುಳಿಯಿದ್ದರೆ ಇನ್ನೊಂದು ಚಮಚ. ಜೋಳದ ಹಿಟ್ಟು, ಅಂದರೆ ಅಂಗಡಿಯಲ್ಲಿ ಸಿಗುವ ಬಿಳಿಯ ಕಾರ್ನ್‌ಫ್ಲೋರ್, ಎರಡು ದೊಡ್ಡ ಚಮಚ. ಬೆಣ್ಣೆ ಒಂದು ಚಮಚ, ನಾಲ್ಕು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು.

ಅನಾನಸ್ಸನ್ನು ಸಕ್ಕರೆಯೊಂದಿಗೆ ಮೊದಲು ಐದು ನಿಮಿಷ ಕುದಿಸಿಕೊಳ್ಳಿ. ಅದರಲ್ಲಿ ಬ್ರೊಮಿಲೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಒಡೆಯುವುದು ಅದರ ಕೆಲಸ. ಹಸಿ ಅನಾನಸ್ಸಿಗೆ ಹಾಲು ಬೆರೆಸಿಟ್ಟರೆ ಕಹಿಯಾಗುವುದು ಅದರಿಂದಲೇ. ಕುದಿಸಿದರೆ ಕಿಣ್ವ ಕೆಲಸ ನಿಲ್ಲಿಸುತ್ತದೆ, ಆಮೇಲೆ ಮೇಲೆ ಐಸ್‌ಕ್ರೀಮ್ ಹಾಕಿಕೊಂಡರೂ ಭಯವಿಲ್ಲ. ಆರಿದ ಮೇಲೆ ಮಾವು, ಕಾರ್ನ್‌ಫ್ಲೋರ್, ಏಲಕ್ಕಿ, ಉಪ್ಪು ಎಲ್ಲವನ್ನೂ ಬೆರೆಸಿ ಎಂಟು ಅಂಗುಲದ ಗಾಜಿನ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹರಡಿ, ಬೆಣ್ಣೆಯನ್ನು ಚುಕ್ಕೆ ಚುಕ್ಕೆಯಾಗಿ ಇಡಿ. ಪಫ್ ಹಾಳೆಯನ್ನು ಲೋಟದ ಬಾಯಿಂದ ಒತ್ತಿ ಬಿಲ್ಲೆಗಳಾಗಿ ಕತ್ತರಿಸಿ, ನಡುನಡುವೆ ಸಂದು ಬಿಟ್ಟು ಹಣ್ಣಿನ ಮೇಲೆ ಜೋಡಿಸಿ. ಲೋಟದ ಅಂಚು ಚೂಪಾಗಿರಲಿ. ಮೊಂಡಾಗಿದ್ದರೆ ಪದರಗಳ ಅಂಚು ಒತ್ತಿ ಅಂಟಿಕೊಂಡು ಉಬ್ಬಲಾರವು. ಸಂದು ಬಿಡುವುದು ಹಣ್ಣಿನ ಆವಿ ಹೊರಹೋಗಲು. ಇಲ್ಲದಿದ್ದರೆ ಹಿಟ್ಟಿನ ಅಡಿ ಬೆಂದ ಕಡುಬಿನಂತಾಗುತ್ತದೆ.

ಬಿಲ್ಲೆಗಳ ಮೇಲೆ ತಣ್ಣನೆಯ ಹಾಲು ಸವರಿ. ಹಾಲಿನ ಪ್ರೋಟೀನು ಮತ್ತು ಸಕ್ಕರೆ ಬಿಸಿಯಲ್ಲಿ ಕೂಡಿ ಹೊಂಬಣ್ಣವನ್ನೂ ಪರಿಮಳವನ್ನೂ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್. ಇಂದಿಗೂ ಆ ಕ್ರಿಯೆಗೆ ಅವರದೇ ಹೆಸರು. ಮನೆಯ ವಿದ್ಯುತ್ ಒಲೆಯನ್ನು ಹದಿನೈದು ನಿಮಿಷ ಮೊದಲೇ 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿರಬೇಕು. ಒಲೆ ತಣ್ಣಗಿದ್ದರೆ ಕೊಬ್ಬು ಕರಗಿ ಹರಿದುಹೋಗುತ್ತದೆ, ಆವಿ ಏಳುವುದು ತಡವಾಗುತ್ತದೆ. ಒಲೆ ಕಾದಿದ್ದರೆ ಹಿಟ್ಟಿನ ನೀರು ಕೂಡಲೇ ಆವಿಯಾಗುತ್ತದೆ. ಒಂದು ಮಿಲಿಲೀಟರ್ ನೀರು ಆವಿಯಾದರೆ ಸುಮಾರು 1,600 ಮಿಲಿಲೀಟರಿಗೂ ಮಿಕ್ಕಿ ಜಾಗ ಕೇಳುತ್ತದೆ. ಆ ಒತ್ತಡವೇ ಪದರಗಳನ್ನು ಮೇಲೆತ್ತುವುದು. ಅಡುಗೆ ಸೋಡಾ ಇಲ್ಲ, ಈಸ್ಟ್ ಇಲ್ಲ, ಬರೀ ನೀರು!

ಇಪ್ಪತ್ತು ನಿಮಿಷದ ನಂತರ 180 ಡಿಗ್ರಿಗೆ ಇಳಿಸಿ ಇನ್ನೂ ಹದಿನೈದು ನಿಮಿಷ ಬಿಡಿ. ಅಂಚಿನಲ್ಲಷ್ಟೇ ಅಲ್ಲ, ನಡುವಿನ ಸಂದುಗಳಲ್ಲೂ ರಸ ಗುಳ್ಳೆಗಳಾಗಿ ಕುದಿಯುತ್ತಿದ್ದರೆ ಕಾರ್ನ್‌ಫ್ಲೋರ್ ಬೆಂದು ಗಟ್ಟಿಯಾಗಿದೆಯೆಂದು ಅರ್ಥ. ತೆಗೆದು ಅರ್ಧ ಗಂಟೆ ಆರಲು ಬಿಡಬೇಕು. ಮಕ್ಕಳು ಕಾಯುವುದಿಲ್ಲ, ಆದರೂ ಕಾಯಿಸಿ. ಮೇಲಿನ ಹಿಟ್ಟು ಬೇಗ ತಣಿದರೂ ಕೆಳಗಿನ ರಸ ಬಿಸಿಯನ್ನು ಬಚ್ಚಿಟ್ಟುಕೊಂಡಿರುತ್ತದೆ, ನಾಲಿಗೆ ಸುಡುತ್ತದೆ. ಒಲೆಯೊಳಗೆ ಪಾತ್ರೆ ಇಡುವುದು, ತೆಗೆಯುವುದು ದೊಡ್ಡವರ ಕೆಲಸ. ಬಿಲ್ಲೆ ಜೋಡಿಸುವುದು, ಗುಳ್ಳೆ ಎಣಿಸುವುದು ಮಕ್ಕಳ ಕೆಲಸ.

ಜೂನಿನಲ್ಲಿ ಶಾಲೆ ಆರಂಭವಾಯಿತು. ಒಂದು ದಿನ ತರಗತಿಯಲ್ಲಿ ಆವಿಯ ಮಾತು ಬಂದಾಗ, ಅಡುಗೆಮನೆಯಿಂದ ಒಂದು ಉದಾಹರಣೆ ಕೊಡಿ ಎಂದೆ. ಇಡ್ಲಿ, ಕುಕ್ಕರು, ಪೂರಿ ಎಲ್ಲವೂ ಬಂದವು. ನಾನು ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಕೊನೆಗೆ ಆ ಹುಡುಗ ತಾನೇ ಎದ್ದು ನಿಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮ ಅಪ್ಪ ಪಫ್ ಮಾಡ್ತಾರೆ ಸಾರ್” ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಇನ್ನೊಬ್ಬ, “ಏಯ್, ದಿಲ್‌ಪಸಂದೂ ನಿಮ್ಮಪ್ಪನೇ ಮಾಡೋದೇನೋ?” ಎಂದು ಕೇಳಿದ. ಹೌದೆಂದ ಮೇಲೆ ನಗು ನಿಂತಿತು. ದಿಲ್‌ಪಸಂದ್ ಮಾಡುವವರ ಮಗನೆಂದರೆ ಸಾಮಾನ್ಯವೇ? ಅವನು ಕರಿಹಲಗೆಯ ಮೇಲೆ ಆರು ಮಡಿಕೆಗಳ ಲೆಕ್ಕ ಬರೆದ. ಅಂದು ಗಂಟೆ ಹೊಡೆದದ್ದು ನಮಗಾರಿಗೂ ಕೇಳಲಿಲ್ಲ.

ಮೊನ್ನೆ ಬ್ರೆಡ್ಡು ತರಲು ಹೋದಾಗ ತಂದೆ ಹೇಳಿದರು: “ದಿನಾ ತಲೆ ತಿಂತಾನೆ ಸಾರ್. ಒಲೆ ಎಷ್ಟು ಡಿಗ್ರಿ ಅಂತಾನೆ. ನಾನು ಕೈ ಒಡ್ಡಿ ನೋಡಿ ಹೇಳೋನು, ನನಗೇನು ಗೊತ್ತು!” ಆದರೂ ಮಗನನ್ನು ಒಲೆಯ ಮುಂದೆ ನಿಲ್ಲಿಸುವುದಿಲ್ಲ ಎಂಬ ಅವರ ಹಟ ಸಡಿಲವಾಗಿಲ್ಲ. ನಸುಕಿಗೆ ಎದ್ದು ಬೆಂಕಿಯ ಮುಂದೆ ಮೂವತ್ತು ವರ್ಷ ನಿಂತವರ ಹಟ ಅದು. ಅದನ್ನು ಪ್ರಶ್ನಿಸಲು ನಾನು ಯಾರು? ಹಿಟ್ಟು, ಬ್ರೆಡ್ಡು, ಬಿಸ್ಕತ್ತುಗಳ ಮೇಲೆಯೇ ಸಂಶೋಧನೆ ನಡೆಸುವ ವಿಭಾಗವೊಂದು ನಮ್ಮೂರಿನ ಸಿ.ಎಫ್.ಟಿ.ಆರ್.ಐ.ನಲ್ಲಿದೆ. 1950ರಲ್ಲಿ ಚೆಲುವಾಂಬ ಮ್ಯಾನ್ಷನ್ನಿನಲ್ಲಿ ಆರಂಭವಾದ ಸಂಸ್ಥೆ ಅದು. ಆಹಾರ ತಂತ್ರಜ್ಞಾನದಲ್ಲಿ ಎಂ.ಎಸ್ಸಿ. ಕೂಡ ಅಲ್ಲಿ ಓದಬಹುದು ಎಂದಷ್ಟೇ ಅವರಿಗೆ ಹೇಳಿದೆ. “ಹಿಟ್ಟಿಗೂ ಎಂ.ಎಸ್ಸಿ. ಇದೆಯಾ ಸಾರ್?” ಎಂದು ಕೇಳಿ, ಬಹಳ ಹೊತ್ತು ಲಟ್ಟಣಿಗೆ ನಿಲ್ಲಿಸಿ ನಿಂತಿದ್ದರು.

ಹುಡುಗ ಮುಂದೆ ಏನಾಗುತ್ತಾನೆಂಬುದು ಅವನ ಮತ್ತು ಅವನ ಮನೆಯವರ ವಿಚಾರ. ಆದರೆ ಯಾವ ಮಗುವೂ ಅಪ್ಪನ ಕೆಲಸದಿಂದಾಗಿ ತಟ್ಟೆಗಳ ಹಿಂದೆ ಅಡಗಿ ನಿಲ್ಲಬಾರದು. ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಮರಗೆಲಸವಿರಲಿ, ಹೊಲಿಗೆಯಿರಲಿ, ಬಸ್ಸು ಓಡಿಸುವುದಿರಲಿ, ನಿಮ್ಮ ಕೆಲಸವನ್ನು ಒಂದು ಭಾನುವಾರ ಮಕ್ಕಳೆದುರು ಬಿಡಿಸಿ ಹೇಳಿ. ಅದರಲ್ಲಿ ಅವರ ಪಾಠದ ಯಾವುದೋ ಒಂದು ಪುಟ ಇದ್ದೇ ಇರುತ್ತದೆ. ಅದನ್ನು ಹುಡುಕುವ ಕೆಲಸವನ್ನು ಮಕ್ಕಳಿಗೆ ಬಿಡಿ.

ಅಂದಹಾಗೆ, ಪಫ್ ಹಾಳೆ ತರಲು ಹೋಗುವವರು ಬೇಕರಿಯ ಒಳಕೋಣೆಗೂ ಒಮ್ಮೆ ಇಣುಕಿ, ಎಷ್ಟು ಸಲ ಮಡಚಿದ್ದೀರೆಂದು ಕೇಳಿ ನೋಡಿ. ಜೊತೆಯಲ್ಲಿ ಮಕ್ಕಳಿದ್ದರೆ ಪದರದ ಲೆಕ್ಕ ಅವರು ಮಾಡಿಕೊಳ್ಳುತ್ತಾರೆ.