ಕಾಲುವೆಯ ನಾಡಿನಲ್ಲಿ ಇರುಳ ದೀಪ

ರಾಯಚೂರು ಜಿಲ್ಲೆಯ ಸಿಂಧನೂರಿನಿಂದ ತುಂಗಭದ್ರೆಯತ್ತ ಹೊರಟ ಪ್ರವಾಸಿಗನಿಗೆ ಎದುರಾಗುವುದು ಎರೆಭೂಮಿ, ಕಾಲುವೆ, ಕೊನೆಗೆ ಹೊಳೆ. ಆ ಹೊಳೆಯ ದಂಡೆಯ ಗ್ರಾಮವೇ ಮುಕ್ಕುಂದ. ಆಚೆಯ ದಡ ಸಿರುಗುಪ್ಪದ ಸೀಮೆ. ನೆರೆಯ ಮಸ್ಕಿಯಲ್ಲಿ 1915ರಲ್ಲಿ ಬೆಳಕಿಗೆ ಬಂದ ಶಾಸನ ಅಶೋಕನ ಹೆಸರನ್ನೇ ಹೇಳಿ ವಿದ್ವಾಂಸರನ್ನು ಬೆರಗುಗೊಳಿಸಿತು. ಆದರೆ ಇಲ್ಲಿಯ ಜನರ ಬಾಳನ್ನು ಬದಲಿಸಿದ್ದು ನೀರು. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ನೀರು ಕೊಡತೊಡಗಿತು. ಎಡದಂಡೆಯ ಕಾಲುವೆ ಬಂದ ಮೇಲೆ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ಎತ್ತಿನ ಗಾಡಿಯ ಜೊತೆಗೆ ಟ್ರಾಕ್ಟರೂ ಬಂದಿತು.

ಸುಗ್ಗಿಯ ಕಾಲದಲ್ಲಿ ಇಲ್ಲಿಯ ಇರುಳಿಗೆ ಬಿಡುವಿಲ್ಲ. ಹಗಲು ಒಕ್ಕಿದ ಭತ್ತ ಕತ್ತಲಾದ ಮೇಲೆಯೂ ಊರಿನತ್ತ ಸಾಗುತ್ತದೆ. ಕಾಲುವೆಯ ಏರಿ ಕಿರಿದು. ಒಂದು ಮಗ್ಗುಲಲ್ಲಿ ನೀರು, ಇನ್ನೊಂದು ಮಗ್ಗುಲಲ್ಲಿ ಗದ್ದೆ. ಹೊರೆ ಹೊತ್ತ ಟ್ರಾಲಿಯ ಹಿಂದೆ ಕೆಂಪುದೀಪವಿಲ್ಲದಿದ್ದರೆ, ಹಿಂದಿನಿಂದ ಬರುವ ಸೈಕಲ್ ಸವಾರನ ಗತಿಯೇನು? ಹಳೆಯ ಟ್ರಾಕ್ಟರಿನ ದೀಪ ಮಂಕಾಗುವುದು ಬರಿಯ ಯಂತ್ರದ ಮಾತಲ್ಲ, ಮನೆಯವರೆಲ್ಲರ ಚಿಂತೆ.

ಮಂಕಾಗುವುದೇಕೆ? ಹಳೆಯ ಯಂತ್ರಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತಿದ್ದುದು ಡೈನಮೋ. ಎಂಜಿನ್ ನಿಧಾನವಾಗಿ ತಿರುಗಿದರೆ ಅದರಿಂದ ಸಾಕಷ್ಟು ವಿದ್ಯುತ್ತು ಬಾರದು. ದೀಪಗಳು ಬ್ಯಾಟರಿಯನ್ನೇ ಹೀರುತ್ತವೆ. ಆಲ್ಟರ್ನೇಟರಿನ ರೀತಿಯೇ ಬೇರೆ. ಇದರಲ್ಲಿ ತಿರುಗುವುದು ಅಯಸ್ಕಾಂತಕ್ಷೇತ್ರ. ವಿದ್ಯುತ್ತು ಹುಟ್ಟುವ ಸುರುಳಿ ನಿಶ್ಚಲವಾಗಿರುತ್ತದೆ. ಹಿಂದುಮುಂದಾಗಿ ಹರಿಯುವ ಆ ಪ್ರವಾಹವನ್ನು ಆರು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಎಂಜಿನ್ ಮಂದವಾಗಿ ಓಡುವಾಗಲೂ ಇದು ಸಾಕಷ್ಟು ವಿದ್ಯುತ್ತು ಕೊಡಬಲ್ಲದು.

ಹಾಗೆಂದು ಹಳೆಯದನ್ನು ಕಳಚಿ ಹೊಸದನ್ನು ಕೂರಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ಕುಶಲ ಎಲೆಕ್ಟ್ರಿಷಿಯನ್ ಮೊದಲು ನೋಡುವುದು ಬ್ಯಾಟರಿಯ ಯಾವ ಕಂಬ ಯಂತ್ರದ ದೇಹಕ್ಕೆ ಸೇರಿದೆ ಎಂಬುದನ್ನು. ಬ್ರಿಟಿಷ್ ಮೂಲದ ಹಳೆಯ ವಾಹನಗಳು ಅನೇಕವು ಧನಧ್ರುವವನ್ನು ಚಾಸಿಗೆ ಸೇರಿಸಿದ್ದುವು. ಈಗಿನ ಆಲ್ಟರ್ನೇಟರಿಗೆ ಸಾಮಾನ್ಯವಾಗಿ ಋಣಧ್ರುವವೇ ಚಾಸಿಗೆ ಸೇರಬೇಕು. ತಿರುವುಮುರುವಾದರೆ ಡಯೋಡುಗಳು ಕ್ಷಣಮಾತ್ರದಲ್ಲಿ ಸುಟ್ಟುಹೋಗುತ್ತವೆ.

ಬಳಿಕ ಬ್ಯಾಟರಿಯ ಸಂಪರ್ಕವನ್ನು ಕಳಚಿಟ್ಟು ತಂತಿಯ ಕೆಲಸಕ್ಕೆ ಕೈಹಾಕುತ್ತಾನೆ. ಡೈನಮೋವಿನ ಜೊತೆಗಿದ್ದ ಕಟೌಟ್ ಪೆಟ್ಟಿಗೆಗೆ ಇನ್ನು ಕೆಲಸವಿಲ್ಲ. ನಿಯಂತ್ರಕ ಹೊಸ ಯಂತ್ರದ ಒಳಗೇ ಇದ್ದರೆ ಅದು ವೋಲ್ಟೇಜನ್ನು ಹದದಲ್ಲಿಡುತ್ತದೆ. ವಿದ್ಯುತ್ತು ಬ್ಯಾಟರಿಯಿಂದ ಹಿಂದಕ್ಕೆ ಹರಿಯದಂತೆ ಡಯೋಡುಗಳೇ ತಡೆಯುತ್ತವೆ. ಆದರೆ ಹಳೆಯ ತಂತಿಯನ್ನು ನಂಬುವಂತಿಲ್ಲ. ಒಂದು ಕಾಲಕ್ಕೆ ಬಲು ಬಳಕೆಯಲ್ಲಿದ್ದ ಲೂಕಾಸ್ ಡೈನಮೋವಿನ ಶಕ್ತಿ 22 ಆಂಪಿಯರ್. ಆಲ್ಟರ್ನೇಟರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಹೆಚ್ಚು ಕೊಡುತ್ತದೆ. ಸಣ್ಣ ತಂತಿ ಆ ಭಾರಕ್ಕೆ ಕಾದು, ಹೊದಿಕೆ ಕರಗಿ, ಬೆಂಕಿಗೂ ಕಾರಣವಾದೀತು. ಆದ್ದರಿಂದ ಆಲ್ಟರ್ನೇಟರಿನಿಂದ ಬ್ಯಾಟರಿಗೆ ದಪ್ಪ ತಂತಿಯನ್ನೇ ಎಳೆಯಬೇಕು.

ಇನ್ನೊಂದು ಸಣ್ಣ ತಂತಿ, ಕೀಲಿಯಿಂದ ಫಲಕದ ಕೆಂಪುದೀಪದ ಮೂಲಕ ಆಲ್ಟರ್ನೇಟರಿಗೆ ಹೋಗುವಂಥದು. ಅದನ್ನು ಅಲಕ್ಷಿಸುವವರುಂಟು. ಒಳಗಿನ ಅಯಸ್ಕಾಂತವನ್ನು ಮೊದಲು ಎಚ್ಚರಿಸುವ ಅಲ್ಪ ವಿದ್ಯುತ್ತು ಆ ದೀಪದ ಮೂಲಕವೇ ಬರುತ್ತದೆ. ಬಲ್ಬು ಸುಟ್ಟಿದ್ದರೆ ಆಲ್ಟರ್ನೇಟರು ಎಚ್ಚರಗೊಳ್ಳದಿರಬಹುದು. ವಿದ್ಯುತ್ತು ಹುಟ್ಟತೊಡಗಿದಾಗ ದೀಪದ ಎರಡೂ ಬದಿಯ ಒತ್ತಡ ಸಮನಾಗಿ ಅದು ತಾನೇ ಆರುತ್ತದೆ. ಎಂಜಿನ್ ಓಡುತ್ತಿರುವಾಗ 12 ವೋಲ್ಟಿನ ಬ್ಯಾಟರಿಯ ಕಂಬಗಳ ನಡುವೆ ಮೀಟರು ಸುಮಾರು 14 ವೋಲ್ಟ್ ತೋರಿಸಬೇಕು. ಆ ಹೊತ್ತಿನಲ್ಲಿ ಬ್ಯಾಟರಿಯ ತಂತಿಯನ್ನು ಕಳಚಿ ಪರೀಕ್ಷಿಸುವ ಹಳೆಯ ವಾಡಿಕೆ ಮಾತ್ರ ಕೂಡದು. ಒತ್ತಡ ಏರಿ ಡಯೋಡುಗಳು ಹಾಳಾಗುತ್ತವೆ.

ಇಷ್ಟಾದ ಮೇಲೆ ಹಳೆಯ ಟ್ರಾಕ್ಟರು ಮತ್ತೆ ಭತ್ತ ಹೇರಿಕೊಂಡು ಏರಿಯ ಮೇಲೆ ಹೊರಡಬಹುದು. ಮುಂದೆ ಎರಡು ದೀಪ, ಟ್ರಾಲಿಯ ಬೆನ್ನಿಗೆ ಒಂದು ಕೆಂಪು ಕಿಡಿ. ದೂರದ ಗದ್ದೆಯಲ್ಲಿ ನೀರು ಕಟ್ಟುತ್ತ ನಿಂತ ರೈತನಿಗೆ ಅಷ್ಟು ಕಂಡರೆ ಸಾಕು, ಯಾರದೋ ಬೆಳೆ ಮನೆ ಸೇರುತ್ತಿದೆ ಎಂದು ತಿಳಿಯುತ್ತದೆ.