ತಂಬಿಗೆಯ ತಾಮ್ರ, ಸೀಸೆಯ ತಾಮ್ರ

ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಜನ ಭೀಮಾ-ಅಮರಜಾ ಸಂಗಮದಲ್ಲಿ ಮಿಂದು ತಾಮ್ರದ ತಂಬಿಗೆ ತುಂಬಿಕೊಂಡು ಬರುವುದನ್ನು ನೋಡಿದ್ದೀರಲ್ಲ? ಆ ತಂಬಿಗೆಯನ್ನು ಹಾಗೇ ಬಿಟ್ಟರೆ ಕಪ್ಪಾಗುತ್ತದೆ, ಮಳೆಗಾಲದಲ್ಲಂತೂ ಕಂಠದ ಸುತ್ತ ಹಸಿರು ಕಿಲುಬು. ನಮ್ಮ ಅವ್ವಂದಿರಿಗೆ ಅದೇನು ಮಹಾ? ಹುಣಸೆಹಣ್ಣು, ಚಿಟಿಕೆ ಉಪ್ಪು ಹಾಕಿ ತಿಕ್ಕಿದರೆ ಮತ್ತೆ ಫಳಫಳ. ಕೆಟ್ಟಿದ್ದು ಮೇಲಿನ ಪದರ ಮಾತ್ರ, ಒಳಗೆ ತಾಮ್ರ ತಾಮ್ರವೇ.

ಅದೇ ತಾಮ್ರವನ್ನು 10 ನ್ಯಾನೊಮೀಟರ್ ಕಣಗಳಾಗಿ ಮಾಡಿದಿರಿ ಅನ್ನಿ. 1 ಗ್ರಾಂ ತುಂಡಿಗೆ ಒಂದೂವರೆ ಚದರ ಸೆಂಟಿಮೀಟರಿನಷ್ಟೂ ಮೈ ಇರುವುದಿಲ್ಲ. ಕಣವಾದಾಗ ಅದೇ 1 ಗ್ರಾಮಿಗೆ ಸುಮಾರು 67 ಚದರ ಮೀಟರ್! ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಕ್ರಿಯಾವರ್ಧಕದ ಕೆಲಸವೆಲ್ಲ ನಡೆಯುವುದು ಮೈಮೇಲೆಯೇ. ಆ ಕೆಲಸಕ್ಕೆ ಪ್ಲಾಟಿನಂ, ಪಲೇಡಿಯಂ ಕೊಳ್ಳುವ ಶಕ್ತಿ ಎಲ್ಲರಿಗೂ ಎಲ್ಲಿದೆ? ಅದಕ್ಕೇ ತಾಮ್ರದ ಮೇಲೆ ಇಷ್ಟು ಆಸೆ. ಆದರೆ ಗಾಳಿಗೂ ಅಷ್ಟೇ ಮೈ ಸಿಕ್ಕಿತಲ್ಲ! ತಿಕ್ಕಿ ಬೆಳಗಲು ಒಳಗೇನೂ ಉಳಿಯದ ಹಾಗೆ ಕಣಕ್ಕೆ ಕಣವೇ ಆಕ್ಸೈಡಾಗಿ ಹೋದೀತು. ಇಲ್ಲವೇ ಒಂದಕ್ಕೊಂದು ಅಂಟಿ ಗಂಟಾದೀತು.

ಮಾಡುವುದೇನೋ ಸುಲಭ. ರೈತರ ಮನೆಯಲ್ಲಿರುವ ಮೈಲುತುತ್ತದ ನೀಲಿ ನೀರಿಗೆ ವಿಟಮಿನ್ ಸಿ ಬೆರೆಸಿ ಕಾಯಿಸುತ್ತಾರೆ. ನೀಲಿ ಕರಗಿ, ಹಳದಿಗೆ ತಿರುಗಿ, ಕೊನೆಗೆ ಕೆಂಗಂದು ಬಣ್ಣ ಬರುತ್ತದೆ. ಆ ಕೆಂಪನ್ನು ಉಳಿಸಿಕೊಳ್ಳುವುದೇ ನಿಜವಾದ ವಿದ್ಯೆ. ಅದಕ್ಕೆಂದು ಕಣಗಳಿಗೆ ಪಾಲಿಮರ್ ಹೊದಿಸುತ್ತಾರೆ, ಎಲೆಗಳ ಕಷಾಯದಲ್ಲೇ ಕಣ ಕಟ್ಟುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಬಾಲಾಜಿ ಜಾಗೀರ್ದಾರ್ ಅವರ ತಂಡ 2008ರಲ್ಲಿ ಅಮೋನಿಯ-ಬೋರೇನ್‌ನಿಂದ ಹೈಡ್ರೋಜನ್ ಬಿಡಿಸಲು ತಾಮ್ರದ ಕಣಗಳ ಜೊತೆಗೆ ಆಕ್ಸೈಡಿನ ಕವಚ ತೊಟ್ಟ ಕಣಗಳನ್ನೂ ದುಡಿಸಿತು. ನಾವು ತಿಕ್ಕಿ ತೆಗೆಯುವ ಪದರಿಗೂ ಒಂದು ಕೆಲಸ ಸಿಕ್ಕಿತು ನೋಡಿ!

ಕಣಗಳಿಗೆ ಕೆಲಸ ಬಂತೋ ಇಲ್ಲವೋ ಎಂದು ಪರೀಕ್ಷಿಸುವುದೂ ಚೆಂದ. ನೈಟ್ರೊಫಿನಾಲ್‌ನ ಹಳದಿ ದ್ರಾವಣಕ್ಕೆ ಸೋಡಿಯಂ ಬೋರೊಹೈಡ್ರೈಡ್ ಹಾಕಿ, ಮೇಲೆ ಒಂಚೂರು ತಾಮ್ರದ ಕಣ ಬಿಟ್ಟರೆ ಕಣ್ಣೆದುರೇ ಹಳದಿ ಮಾಯ. ಉಳಿಯುವ ಅಮಿನೊಫಿನಾಲ್‌ನಿಂದಲೇ ಜ್ವರಕ್ಕೆ ನುಂಗುವ ಪ್ಯಾರಸಿಟಮಾಲ್ ತಯಾರಾಗುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಇತ್ತ ಜೇವರ್ಗಿಯ ಹೊಲಗಳ ತುಂಬ ತೊಗರಿ. ಗುಲಬರ್ಗಾ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯೂ ಬಂತು. ಬೇಳೆ ಮಾರುಕಟ್ಟೆಗೆ ಹೋಗುತ್ತದೆ, ಕಟ್ಟಿಗೆ ಒಲೆಗೆ, ಎಲೆ ಮಣ್ಣಿಗೆ. ರಸಾಯನಶಾಸ್ತ್ರ ಓದುತ್ತಿರುವ ನಮ್ಮ ಮಕ್ಕಳೇ, ಆ ಎಲೆಯ ಕಷಾಯದಲ್ಲೊಮ್ಮೆ ತಾಮ್ರದ ಕಣ ಕಟ್ಟಿ ನೋಡಿ. ಕೆಂಪು ಎಷ್ಟು ದಿನ ನಿಂತಿತೆಂದು ದಿನವೂ ಬರೆದಿಡಿ.